ಮೋಟುಗೋಡೆಯ ಆಚೆಯ ಹಾಳೆ

ನಮ್ಮ ಊರಿನಲ್ಲಿ ಬಿಳಿಯ ಬಟ್ಟೆಯನ್ನು ರಾತ್ರಿ ಹೊರಗೆ ಬಿಡುವವರು ಎರಡೇ ಬಗೆಯ ಜನ. ಹಾಳೆಯ ಮನೆಯವರು ಒಂದು, ಮರೆಗುಳಿಗಳು ಇನ್ನೊಂದು. ಕತ್ತಲಾದ ಮೇಲೆ ಕೆರೆಯ ಕಡೆಯಿಂದ ಮಂಜು ಎದ್ದು ಬರುತ್ತದೆ. ಬೆಳಗಾಗುವ ಹೊತ್ತಿಗೆ ಬಿಳಿಯ ಬಟ್ಟೆ ಎಲ್ಲಿದೆಯೋ ಅಲ್ಲಿ ಚೀನೀ ಅಕ್ಷರಗಳ ಸಾಲು ಕೂತಿರುತ್ತದೆ. ಬಣ್ಣದ ಬಟ್ಟೆಯನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಮದುವೆ ಗೊತ್ತಾದ ಮನೆಯವರು ವರನ ಪಂಚೆಯನ್ನು ಅಟ್ಟದ ಮೇಲೆ ಒಣಗಿಸುತ್ತಾರೆ. ಬಾಣಂತಿಯ ಮನೆಯವರು ಕೂಸಿನ ಬಟ್ಟೆಗಳನ್ನು ಅರಿಸಿನದ ನೀರಿನಲ್ಲಿ ಅದ್ದಿಯೇ ಹರವುತ್ತಾರೆ. ನಾನು ಚಿಕ್ಕವನಾಗಿದ್ದಾಗ ಶಾಲೆಯ ಹೆಡ್‌ಮಾಸ್ತರರ ಅಂಗಿಯ ಬೆನ್ನಿನ ಮೇಲೆ ‘ನಾಳೆ ಮೀನಿನ ಬೆಲೆ ಇಳಿಯಬಹುದು’ ಎಂಬ ಸಾಲು ಬಂದು ಕೂತಿತು. ಎಷ್ಟು ಒಗೆದರೂ ಹೋಗಲಿಲ್ಲ. ಜನ್ಮದಲ್ಲಿ ಮೀನು ಮುಟ್ಟದ ಆ ಮಹಾನುಭಾವರು ನಿವೃತ್ತರಾಗುವವರೆಗೂ ಮೀನಿನ ಮೇಷ್ಟ್ರೇ ಆಗಿ ಉಳಿದರು.

ಹಾಳೆಯ ಮನೆಯವರು ಮಾತ್ರ ಬೇಕೆಂದೇ ಬಿಳಿಯ ಬಟ್ಟೆಯನ್ನು ಹಿತ್ತಲಲ್ಲಿ ಕಟ್ಟುತ್ತಾರೆ. ಬಟ್ಟೆಯ ಮೇಲೆ ಅಕ್ಷರಗಳು ತಿರುವುಮುರುವಾಗಿ ಮೂಡಿರುತ್ತವೆ. ಒದ್ದೆ ಆರುವ ಮುಂಚೆ ಹಾಳೆಗೆ ಒತ್ತಿದರೆ ನೆಟ್ಟಗಾಗುತ್ತವೆ. ಒಂದು ಬಟ್ಟೆಯಿಂದ ಎರಡು ಹಾಳೆ ತೆಗೆಯಬಹುದು. ಮೂರನೆಯದಕ್ಕೆ ಒತ್ತಿದರೆ ಬರೀ ನೀರು. ಗಂಡನಿಗೆ ಒಂದು ಹಾಳೆ, ಹೆಂಡತಿಗೆ ಒಂದು ಹಾಳೆ.

ಚೀನೀ ಬರಹದಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪು ಇರುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಕೂತವರ ಹಾಗೆ ಅಕ್ಷರಗಳು ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿರುತ್ತವೆ. ಅವರಲ್ಲಿ ಯಾರು ಯಾರ ಜೊತೆ ಬಂದವರು, ಯಾರು ಒಂಟಿಯಾಗಿ ಬಂದವರು ಎಂದು ಗುರುತಿಸುವುದೇ ನಮ್ಮ ಕೆಲಸ. ಪದ ಮುಗಿದಲ್ಲಿ ಒಂದು ಕೆಂಪು ಗೀಟು. ಆಮೇಲೆ ಪದದ ಕೆಳಗೆ ಒಂದು ಚುಕ್ಕೆ: ಹೆಸರಾದರೆ ಹಳದಿ, ಕೆಲಸವಾದರೆ ಹಸಿರು, ಗುಣವಾದರೆ ನೀಲಿ. ಆ ಭಾಷೆ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದು ನಮಗೆ ಯಾರಿಗೂ ಗೊತ್ತಿಲ್ಲ. ಬೆಟ್ಟದ ಅಕ್ಷರ ಕಂಡರೆ ಬೆಟ್ಟ ಎನ್ನುತ್ತೇವೆ, ನೀರಿನ ಅಕ್ಷರ ಕಂಡರೆ ನೀರು ಎನ್ನುತ್ತೇವೆ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಓಂಕಾರ ಬರೆಸಿದ ಬೆರಳಿನಿಂದಲೇ ಈ ಅಕ್ಷರಗಳನ್ನೂ ಬರೆಸುತ್ತಾರೆ.

ಹೀಗೆ ಗೀಟು ಹಾಕಿದ ಹಾಳೆಗಳು ಗುಡ್ಡದ ಮೇಲಿನ ಯಂತ್ರದ ಮನೆಗೆ ಹೋಗುತ್ತವೆ. ಅಲ್ಲಿಯ ಯಂತ್ರ ಚೀನೀ ಓದುವುದನ್ನು ಕಲಿಯುತ್ತಿದೆ. ನಮ್ಮ ತಂದೆಯವರ ಕಾಲದಲ್ಲೂ ಕಲಿಯುತ್ತಿತ್ತು. ನಮ್ಮ ಗೀಟುಗಳನ್ನು ನೋಡಿ ನೋಡಿ ಅದು ತಾನೇ ಗೀಟು ಹಾಕಬೇಕು. ಹಾಕುವಾಗ ನಮ್ಮೆಲ್ಲರ ಕೈಯೂ ಅದರೊಳಗೆ ಇರುತ್ತದೆ. ಅದಕ್ಕೇ ನಮ್ಮ ಊರಿನ ಹಾಳೆಯವರು ಗದ್ದುಗೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವುದಿಲ್ಲ. ‘ಯಂತ್ರದೊಳಗೆ ನಮ್ಮ ಗೀಟು ಇದ್ದರೆ ಸಾಕು’ ಎನ್ನುತ್ತಾರೆ. ಮಕ್ಕಳಿಲ್ಲದ ನಮ್ಮಂಥವರು ಇನ್ನೂ ಸ್ವಲ್ಪ ಗಟ್ಟಿಯಾಗಿ ಎನ್ನುತ್ತಾರೆ.

ಇದಕ್ಕೆ ಕಟ್ಟಳೆ ಒಂದೇ. ಜೋಡಿಯ ಇಬ್ಬರು ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಕೂಡದು. ಇಬ್ಬರೂ ಒಂದೇ ರೀತಿ ಗೀಟು ಹಾಕಿದ್ದರೆ ಅದು ಯಂತ್ರಕ್ಕೆ ಪಾಠ. ಬೇರೆಯಾಗಿದ್ದರೆ ಯಂತ್ರದ ಮನೆಯಲ್ಲಿರುವ ತೀರ್ಪಿನವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯಾವುದು ಸರಿ ಎಂದು ಹೇಳುತ್ತಾರೆ. ತೀರ್ಪಿನವರು ಗುಡ್ಡ ಇಳಿದು ಊರಿಗೆ ಬರುವ ಹಾಗಿಲ್ಲ. ಊರಿನ ಸಾವು ನೋವು, ಮದುವೆ ಮುಂಜಿ ಅವರ ಕಿವಿಗೆ ಬೀಳುವ ಹಾಗಿಲ್ಲ. ಮರುಕ ಬಂದರೆ ತೀರ್ಪು ಕೆಡುತ್ತದೆ ಎಂದು ಹಿರಿಯರು ಹೀಗೆ ಮಾಡಿದ್ದಾರೆ. ಹಾಳೆಯ ಪ್ರತಿ ಮನೆಯ ಪಡಸಾಲೆಯ ನಡುವೆ ಒಂದು ಮೋಟುಗೋಡೆ ಇರುತ್ತದೆ. ಕೂತವರ ನೆತ್ತಿಯವರೆಗೆ ಬರುವಷ್ಟು. ಗಂಡ ಎಡಕ್ಕೆ, ಹೆಂಡತಿ ಬಲಕ್ಕೆ. ಜೋಡಿಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರ ಹಾಳೆಯೂ ನಿಂತುಹೋಗುತ್ತದೆ. ಹಾಗೆ ಹೋದ ಒಂದು ತಿಂಗಳೊಳಗೆ ಗಾರೆಯವನು ಬಂದು ಗೋಡೆಯನ್ನು ಒಡೆದು ನೆಲ ಸಮ ಮಾಡುತ್ತಾನೆ.

ನಾನು ನಂಜುಂಡಾರಾಧ್ಯ. ನನ್ನ ಹೆಂಡತಿ ಸರ್ವಮಂಗಳೆ ಕಳೆದ ಕಾರ್ತೀಕದಲ್ಲಿ ಶಿವೈಕ್ಯಳಾದಳು. ಕಾಯಿಲೆ ಎನ್ನುವಂಥದ್ದು ಇರಲಿಲ್ಲ. ಬೆಳಗಿನ ಲಿಂಗಪೂಜೆ ಮುಗಿಸಿ, ಹಾಳೆ ಮುಗಿಸಿ, ‘ರೀ, ಯಾಕೋ ಎದೆ ಹಿಡಿದ ಹಾಗಾಗುತ್ತದೆ’ ಎಂದು ಗೋಡೆಯ ಆಚೆಯಿಂದ ಹೇಳಿದಳು. ನಾನು ನನ್ನ ಸಾಲು ಅರ್ಧಕ್ಕೆ ಬಿಟ್ಟು ಏಳಲು ಒಂದು ಗಳಿಗೆ ತಡಮಾಡಿದೆ. ಗೋಡೆ ಬಳಸಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗೈಯಲ್ಲಿ ಅವಳ ಲಿಂಗವನ್ನು ಇಟ್ಟೇ ಅವಳನ್ನು ಮಣ್ಣಿಗೆ ಒಪ್ಪಿಸಿದೆವು. ಶಿವನ ಸೊತ್ತು ಶಿವನಿಗೆ ಹೋಯಿತು ಎಂದು ನಾನೇ ನಾಲ್ಕು ಜನಕ್ಕೆ ಹೇಳಿದೆ.

ಮೂರನೆಯ ದಿನ ಬೆಳಗ್ಗೆ ಅಡಿವೆಮ್ಮ ಬಂದಳು. ಊರಿನ ಹಾಳೆಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಗುಡ್ಡ ಹತ್ತುವವಳು ಅವಳೇ. ಅವಳ ಬಾಯಿಗೂ ಬುಟ್ಟಿಗೂ ಮುಚ್ಚಳವಿಲ್ಲ ಎಂದು ಮಂಗಳಾ ನಗುತ್ತಿದ್ದಳು. ಬಾಗಿಲಲ್ಲಿ ನಿಂತು ದಿನದ ರೂಢಿಯಂತೆ ಕೂಗಿಬಿಟ್ಟಳು:

“ಅಯ್ನೋರೆ, ಅಮ್ಮಾವ್ರ ಹಾಳೆ ಆಯ್ತಾ?”

ಕೂಗಿದ ಮೇಲೆ ನಾಲಗೆ ಕಚ್ಚಿಕೊಂಡಳು. “ಅಯ್ಯೋ ನನ್ ಬಾಯಿಗಿಷ್ಟು! ತಪ್ಪಾಯ್ತು ಬುದ್ಧಿ,” ಎಂದು ಕಣ್ಣಿಗೆ ಸೆರಗು ಒತ್ತಿಕೊಂಡಳು.

ಅವಳು ಹಾಗೆ ಕೇಳಿದಾಗ ನನಗೆ ನೋವಾಗಲಿಲ್ಲ. ಎಷ್ಟೋ ಹೊತ್ತಿನಿಂದ ಮುಳುಗಿದ್ದವನಿಗೆ ಒಂದು ಉಸಿರು ಸಿಕ್ಕಿದ ಹಾಗಾಯಿತು. “ನಾಳೆ ಕೊಡ್ತೇನೆ, ಅಡಿವೆಮ್ಮ,” ಎಂದೆ.

ಅವಳು ನನ್ನ ಮುಖ ನೋಡಿದಳು. ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. “ಆಗ್ಲಿ ಬುದ್ಧಿ. ನಾಳೆ ಬತ್ತೀನಿ.”

ಅಂದಿನಿಂದ ಎರಡು ಹಾಳೆಗೂ ನಾನೇ ಗೀಟು ಹಾಕಿದೆ. ಬೀದಿಗೆಲ್ಲ ಗೊತ್ತಿತ್ತು. ಮುದುಕನ ಸಂಕಟ, ನಾಲ್ಕು ದಿನ ಇರಲಿ ಎಂದು ಸುಮ್ಮನಿದ್ದರು. ಗಾರೆಯವನೂ ನಮ್ಮ ಮನೆಯನ್ನು ದಾಟಿಕೊಂಡು ಹೋಗುತ್ತಿದ್ದ. ನನಗೆ ಬೇಕಾಗಿದ್ದುದು ಅಷ್ಟೇ. ಗೋಡೆ ನಿಂತಿದ್ದರೆ ಅದರ ಆಚೆ ಅವಳು ಇದ್ದಾಳೆ ಎಂದುಕೊಳ್ಳಬಹುದು, ಮಾತಾಡಬಹುದು. ಬದುಕಿದ್ದಾಗಲೂ ನಮ್ಮ ಮಾತೆಲ್ಲ ನಡೆದದ್ದು ಗೋಡೆಯ ಮೇಲಿನಿಂದಲೇ. ಹಾಳೆಯ ವಿಷಯ ಒಂದು ಬಿಟ್ಟು ಮಿಕ್ಕದ್ದೆಲ್ಲ: ಬೇಳೆ ಬೇಯದ್ದು, ಬೆಕ್ಕು ಹಾಲು ಕುಡಿದದ್ದು, ಅವಳ ಅಕ್ಕನ ಮಂಡಿನೋವು. ಪೂಜೆ ಮುಗಿಸಿ, ವಿಭೂತಿಯ ಕೈಯನ್ನು ಒರೆಸಿಕೊಂಡು, ಎಡಗಡೆಯ ನನ್ನ ಜಾಗದಲ್ಲೇ ಕೂತು ಮೊದಲು ನನ್ನದನ್ನು ಮುಗಿಸುತ್ತಿದ್ದೆ, ಆಮೇಲೆ ಅವಳದನ್ನು. ಬಲಗಡೆಗೆ ಹೋಗಿ ಕೂರುವ ಧೈರ್ಯ ಇರಲಿಲ್ಲ. ಗಂಡಸರು ಹೆಂಡತಿಯ ಕಡೆಗೆ ಕೂರುವುದು ನಮ್ಮಲ್ಲಿ ಇಲ್ಲ.

ಆ ಕಡೆ ನಾನು ಮಾಡಿದ ಬದಲಾವಣೆ ಒಂದೇ. ಎದುರು ಗೋಡೆಯಲ್ಲಿ, ಅವಳ ತಲೆಯಿಂದ ಸ್ವಲ್ಪ ಮೇಲೆ, ನಮ್ಮ ಮಠದ ಹಿರಿಯ ಗುರುಗಳ ಪಟವಿದೆ. ಕಟ್ಟು ಹಾಕಿಸಿ, ಗಾಜು ಹಾಕಿಸಿ, ಮುಂದಕ್ಕೆ ಬಾಗಿಸಿ ತೂಗುಹಾಕಿದ್ದು. ಹಾಳೆಗೆ ಕೂರುವ ಮುಂಚೆ ಮಂಗಳಾ ದಿನಾ ಆ ಪಟದ ಮೇಲೆ ತನ್ನ ಹಳೆಯ ಹಸಿರು ಸೀರೆಯ ತುಂಡೊಂದನ್ನು ಇಳಿಬಿಡುತ್ತಿದ್ದಳು. ಏಳುವಾಗ ತೆಗೆಯುತ್ತಿದ್ದಳು. “ಗುರುಗಳಿಗೆ ಮುಸುಕು ಹಾಕುತ್ತೀಯಲ್ಲ, ಇದೆಂಥ ಭಕ್ತಿ?” ಎಂದು ಎಷ್ಟೋ ಸಲ ಗದರಿದ್ದೆ. “ಅವರೂ ಒಂದಿಷ್ಟು ಹೊತ್ತು ಕಣ್ಣು ಮುಚ್ಚಿಕೊಳ್ಳಲಿ ಬಿಡಿ, ನಮ್ಮನ್ನ ನೋಡಿ ನೋಡಿ ಸಾಕಾಗಿರುತ್ತೆ,” ಎನ್ನುತ್ತಿದ್ದಳು. ಅವಳು ಹೋದ ಮಾರನೆಯ ದಿನ ಆ ಬಟ್ಟೆಯನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಪೂಜ್ಯರಿಗೆ ಇನ್ನಾದರೂ ಬೆಳಕು ಬೀಳಲಿ ಎಂದುಕೊಂಡೆ.

ಎರಡು ಹಾಳೆ ಹಾಕುವುದರಲ್ಲಿ ಒಂದು ತೊಡಕಿತ್ತು. ಎರಡೂ ಒಂದೇ ಆಗಿಬಿಟ್ಟರೆ ತೀರ್ಪಿನವರಿಗೆ ಅನುಮಾನ ಬರುತ್ತದೆ. ಯಾವ ಜೋಡಿಯೂ ದಿನದಿನವೂ ಒಪ್ಪುವುದಿಲ್ಲ. ಅಲ್ಲಲ್ಲಿ ಬೇರೆಯಾಗಲೇಬೇಕು. ಹಾಗೆ ಬೇರೆ ಮಾಡುವಾಗ ಒಂದು ಸರಿ, ಒಂದು ತಪ್ಪು ಆಗಲೇಬೇಕು. ಸರಿಯನ್ನು ಯಾರ ಹಾಳೆಗೆ ಹಾಕಲಿ, ತಪ್ಪನ್ನು ಯಾರ ಹಾಳೆಗೆ ಹಾಕಲಿ ಎಂದು ನಾನು ಯೋಚಿಸಲಿಲ್ಲ. ಯೋಚಿಸದೆಯೇ ಕೈ ಗೊತ್ತುಮಾಡಿಕೊಂಡಿತ್ತು.

ಅವಳು ಹೇಗೆ ಗೀಟು ಹಾಕುತ್ತಿದ್ದಳು ಎಂಬುದನ್ನು ನಾನು ಒಂದು ದಿನವೂ ಕಂಡವನಲ್ಲ. ಕೇಳಿದ್ದೆ, ಅಷ್ಟೆ. ಗೋಡೆಯ ಆಚೆ ಅವಳ ಸೀಸದ ಕಡ್ಡಿಯ ಸದ್ದು ಸರಸರ ಎಂದು ಒಂದೇ ಸಮನೆ ಬರುತ್ತಿತ್ತು. ನಾನು ಒಂದು ಗೀಟು ಎಳೆಯುವಷ್ಟರಲ್ಲಿ ಆಚೆ ನಾಲ್ಕು ಸಲ ಕೇಳುತ್ತಿತ್ತು. ಇವಳು ಅವಸರದವಳು, ಸಿಕ್ಕಸಿಕ್ಕಲ್ಲಿ ಕತ್ತರಿಸುವವಳು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಅದನ್ನೇ ಈಗ ಅವಳ ಹಾಳೆಗೆ ಇಳಿಸಿದೆ. ಕೂಡಿರಬೇಕಾದ ಅಕ್ಷರಗಳನ್ನು ಅವಳ ಹೆಸರಿನಲ್ಲಿ ಬಿಡಿಬಿಡಿ ಮಾಡಿದೆ. ಹಳದಿ ಇಡಬೇಕಾದ ಹೆಸರುಪದದ ಕೆಳಗೆ ಹಸಿರು ಚುಕ್ಕೆ ಇಟ್ಟೆ. ಚೀನೀಯಲ್ಲಿ ಪೂರ್ವದ ಅಕ್ಷರವೂ ಪಶ್ಚಿಮದ ಅಕ್ಷರವೂ ಜೊತೆಯಾಗಿ ಬಂದರೆ ಸಾಮಾನು, ವಸ್ತು ಎಂದು ಅರ್ಥ. ಇದು ನಮ್ಮ ಊರಿನ ಎಳೆಯ ಮಕ್ಕಳಿಗೂ ಗೊತ್ತು. ಒಂದು ದಿನ ‘ಅಮ್ಮನ ಸಾಮಾನುಗಳನ್ನು ಯಾರೂ ಮುಟ್ಟಲಿಲ್ಲ’ ಎಂಬ ಸಾಲು ಬಂದಿತ್ತು. ನನ್ನ ಹಾಳೆಯಲ್ಲಿ ಸರಿಯಾಗಿ ಕೂಡಿಸಿದೆ. ಅವಳ ಹಾಳೆಯಲ್ಲಿ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಗೀಟು ಎಳೆದು, ‘ಇದ್ದೀತು, ಇಲ್ಲಿ ಎಡವುತ್ತಿದ್ದಳು’ ಎಂದು ಸಣ್ಣಗೆ ನಕ್ಕೆ. ಪ್ರೀತಿಯಿಂದಲೇ ನಕ್ಕೆ. ಅದೇ ಈಗ ಹೆಚ್ಚು ಚುಚ್ಚುತ್ತದೆ.

ಮಾಘ ಮಾಸದಲ್ಲಿ ಒಂದು ಬೆಳಗ್ಗೆ ಅಡಿವೆಮ್ಮ ಬುಟ್ಟಿಯನ್ನು ಇಳಿಸದೆಯೇ ಬಾಗಿಲಲ್ಲಿ ನಿಂತಳು.

“ಅಯ್ನೋರೆ, ಮ್ಯಾಲಿನವ್ರು ಒಂದು ಮಾತು ಹೇಳಿಕಳ್ಸವ್ರೆ.”

“ಏನು?”

“ಬಲಗಡೆ ಅಮ್ಮಾವ್ರ ಕಣ್ಣು ಮಂಕಾಗೈತಂತೆ. ಮೂರು ತಿಂಗ್ಳಿಂದ ಬರೀ ತಪ್ಪಂತೆ, ಮಕ್ಕಳಾಟದ ತಪ್ಪು. ಇಂಥಾ ಕಣ್ಣು ಮೊದ್ಲಿಂದ್ಲೂ ಹಿಂಗೇ ಇತ್ತೋ ಏನೋ ಅಂತ ಅನುಮಾನ ಬಂದೈತಂತೆ. ಬರೋ ಅಮಾಸೆಗೆ ಅಮ್ಮಾವ್ರ ಹಾಳೆ ಎಲ್ಲಾನೂ ಯಂತ್ರದಿಂದ ಕೀಳ್ತಾರಂತೆ. ಮದ್ವೆಯಾಗಿ ಬಂದಾಗಿಂದ ಹಾಕಿದ್ದನ್ನೆಲ್ಲ.”

ನಾನು ಚೌಕಟ್ಟು ಹಿಡಿದುಕೊಂಡೆ. ಅವಳು ಹೋಗಲಿಲ್ಲ. ಬುಟ್ಟಿಯ ಕೆಳಗಿನಿಂದ ನನ್ನನ್ನೇ ನೋಡಿದಳು.

“ತಪ್ಪೆಲ್ಲ ಅಮ್ಮಾವ್ರದೇ ಅಂತೆ, ಅಯ್ನೋರೆ. ನಿಮ್ದು ಒಂದೂ ಇಲ್ವಂತೆ. ಎಲ್ಡೂ ನಿಮ್ ಕೈಯಾಗೇ ಆಗಿರೋದಲ್ವಾ?”

ತಲೆಯ ಮೇಲಿನ ಬುಟ್ಟಿಯನ್ನು ಸರಿಮಾಡಿಕೊಂಡಳು. “ಬದುಕಿದ್ದಾಗ ಆ ತಾಯಿ ನನ್ ಬುಟ್ಟಿಗೆ ಹಾಳೆ ಹಾಕ್ವಾಗ ನಿಮ್ದನ್ನ ಮ್ಯಾಲಿಟ್ಟು ತಮ್ದನ್ನ ಕೆಳಗಿಡೋರು. ಗಾಳಿ ಬಂದ್ರೆ ನಿಮ್ದು ಹಾರೋದಿಲ್ವಾ ಅಂತ ನಾನು ಆಡ್ಕೊಂಡು ನಗೋಳು,” ಎಂದು ಹೇಳಿ, ತಿರುಗಿ ನೋಡದೆ ಹೊರಟುಹೋದಳು.

ಅಂದು ಇಡೀ ದಿನ ನನಗೆ ಅನ್ನ ಸೇರಲಿಲ್ಲ. ಮಕ್ಕಳಿಲ್ಲದವಳು, ಗದ್ದುಗೆಯ ಮೇಲೆ ಹೆಸರಿಲ್ಲದವಳು. ಅವಳದೆಂದು ಈ ಭೂಮಿಯ ಮೇಲೆ ಉಳಿದದ್ದು ಆ ಗೀಟುಗಳು. ಅವನ್ನು ಕಿತ್ತರೆ ಅವಳು ಇದ್ದಳು ಎಂಬುದಕ್ಕೆ ಗುರುತೇ ಇರುವುದಿಲ್ಲ. ಗುಡ್ಡ ಹತ್ತಿ ನಿಜ ಹೇಳಬಹುದಾಗಿತ್ತು. ಆದರೆ ಕಳ್ಳಗೀಟು ಹಾಕಿದವನ ಗತಿ ಏನು ಎಂಬುದೂ ನನಗೆ ಗೊತ್ತಿತ್ತು. ಹಿಂದೆ ಮೇಲಿನ ಬೀದಿಯವನೊಬ್ಬ ಹೆಂಡತಿಯ ಹಾಳೆ ನೋಡಿ ಬರೆದು ಸಿಕ್ಕಿಬಿದ್ದಿದ್ದ. ಅವನು ಅದುವರೆಗೆ ಹಾಕಿದ್ದನ್ನೆಲ್ಲ ಕಿತ್ತು ಕತ್ತೆಗಳ ಮೇಲೆ ಹೇರಿ ಮನೆಗೆ ಕಳಿಸಿದ್ದರು. ಎರಡರಲ್ಲಿ ಒಂದು: ಅವಳದು ಹೋಗಬೇಕು, ಇಲ್ಲವೆ ನನ್ನದು.

ಇಷ್ಟು ತಿಳಿದ ಮೇಲೂ ನಾನು ನೇರವಾಗಿ ಗುಡ್ಡದ ಕಡೆಗೆ ಹೋಗಲಿಲ್ಲ. ಮೂರನೆಯ ದಾರಿ ಒಂದು ಇರಬಹುದು ಎಂದುಕೊಂಡೆ. ಅಮಾವಾಸ್ಯೆಗೆ ಇನ್ನೂ ದಿನಗಳಿದ್ದವು. ಇಂದಿನಿಂದ ಸರಿಯನ್ನೆಲ್ಲ ಅವಳ ಹಾಳೆಗೆ ಹಾಕಿ, ತಪ್ಪನ್ನು ನನ್ನ ಹಾಳೆಗೆ ಹಾಕಿಕೊಂಡರೆ, ಅವಳ ಕಣ್ಣು ಸುಧಾರಿಸಿತು ಎಂದು ಮೇಲಿನವರು ಬಿಟ್ಟಾರು. ಮಾರನೆಯ ಬೆಳಗ್ಗೆ ಪೂಜೆಯಲ್ಲಿ ಅವಳ ಹೆಸರಿಗೂ ಒಂದು ಬಿಲ್ವಪತ್ರೆ ಏರಿಸಿ, ಹಾಳೆ ಹಾಸಿಕೊಂಡು ಕೂತೆ. ಅವಳದನ್ನು ಚೆನ್ನಾಗಿ ಮುಗಿಸಿದೆ. ನನ್ನದನ್ನು ಎಳೆದುಕೊಂಡೆ. ಸುಲಭದ ಸಾಲು. ಒಂದು ತಪ್ಪು ಗೀಟು ಸಾಕಾಗಿತ್ತು. ಕೂಡಿರುವ ಎರಡು ಅಕ್ಷರಗಳ ನಡುವೆ ಕಡ್ಡಿ ಇಟ್ಟೆ.

ಕೈ ಏಳಲಿಲ್ಲ.

ನಡುಕವೇನಲ್ಲ, ವಯಸ್ಸಿನದೂ ಅಲ್ಲ. ಮೂರು ತಿಂಗಳು ಅವಳ ಹಾಳೆಯ ಮೇಲೆ ಹೂವಿನ ಹಾಗೆ ಹಗುರವಾಗಿ ಓಡಿದ ಕೈ ಅದು. ನನ್ನ ಹೆಸರಿನ ಹಾಳೆಯ ಮೇಲೆ ಗೊತ್ತಿದ್ದೂ ಒಂದು ತಪ್ಪು ಗೀಟು ಎಳೆಯಲು ಅದಕ್ಕೆ ಆಗಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ. ಕಡೆಗೆ ಹಾಳೆಯ ಮೇಲೆ ಒಂದು ಹನಿ ಬಿತ್ತು, ಅಕ್ಷರ ಕದಡಿತು. ಎದ್ದು, ಕೈಕಾಲು ತೊಳೆದು, ಮತ್ತೆ ವಿಭೂತಿ ಧರಿಸಿ, ಅಡಿವೆಮ್ಮ ಬರುವುದನ್ನೇ ಕಾದು, “ನಾನೂ ನಿನ್ನ ಜೊತೆ ಬರುತ್ತೇನೆ,” ಎಂದೆ.

“ನಡೀರಿ ಬುದ್ಧಿ,” ಎಂದಳು. “ಮೆಲ್ಲಗೆ ನಡೀರಿ. ಅಲ್ಲಿ ಹೋಗೋ ಮುಂಚೆ ನೀವೂ ಹೋಗ್ಬಿಟ್ರೆ ಬುಟ್ಟೀಲಿ ಜಾಗ ಇಲ್ಲ.”

ಯಂತ್ರದ ಮನೆಯ ಕಿಟಕಿಗಳೆಲ್ಲ ಊರಿಗೆ ಬೆನ್ನು ಮಾಡಿವೆ. ಒಳಗೆ ಹೋದರೆ ನೂರು ದುಂಬಿಗಳನ್ನು ಗಡಿಗೆಯಲ್ಲಿ ಮುಚ್ಚಿಟ್ಟ ಹಾಗೆ ಸದ್ದು. ತೀರ್ಪಿನ ಕೋಣೆಯಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬರು ದಪ್ಪ ಕನ್ನಡಕ ಹಾಕಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಜೈತುನಬಿ ಎಂದು ಅಡಿವೆಮ್ಮ ಹೇಳಿದ್ದಳು. ಚಿಕ್ಕಂದಿನಲ್ಲೇ ಗುಡ್ಡ ಹತ್ತಿ ಮತ್ತೆ ಇಳಿಯದವರು.

“ಕೂತ್ಕೊಳ್ಳಿ. ಯಾವ ಮನೆಯವ್ರು?”

“ಕೆರೆಬೀದಿ. ನಂಜುಂಡಾರಾಧ್ಯ.”

“ಓ, ಎಡಗಡೆ ಹಾಳೆ!” ಎಂದು ಕನ್ನಡಕ ಸರಿಮಾಡಿಕೊಂಡರು. “ನಾನು ಹೇಳಿಕಳಿಸಿದ್ದು ಬಲಗಡೆಯವರಿಗೆ. ಅವರು ಯಾಕೆ ಬರಲಿಲ್ಲ? ನಿಮ್ಮನ್ನ ಮುಂದಿಟ್ಟು ಸಿಫಾರಸು ಮಾಡೋ ಪೈಕಿ ಅಲ್ಲ ಅವರು. ಕಣ್ಣಿಗೆ ಯಾರಿಗಾದ್ರೂ ತೋರಿಸಿದ್ರಾ?”

“ಅವಳಿಲ್ಲ,” ಎಂದೆ.

“ಊರಲ್ಲಿಲ್ವಾ?”

“ಇಲ್ಲ. ಅವಳೇ ಇಲ್ಲ.”

ಅವರ ಕೈ ಹಾಳೆಯ ಮೇಲೆ ನಿಂತಿತು.

“ಯಾವಾಗ?”

“ಕಾರ್ತೀಕದಲ್ಲಿ.”

“ಕಾರ್ತೀಕ...” ಅವರು ತಲೆ ತಗ್ಗಿಸಿ ತಮ್ಮ ಭಾಷೆಯಲ್ಲಿ ಏನೋ ಪ್ರಾರ್ಥನೆ ಹೇಳಿಕೊಂಡರು. ತಲೆ ಎತ್ತಿದಾಗ ಕನ್ನಡಕದ ಒಳಗೆ ಕಣ್ಣು ತುಂಬಿತ್ತು. “ಯಾ ಅಲ್ಲಾ! ಮೂರು ತಿಂಗಳಿಂದ ನಾನು ಅವರ ಮೇಲೆ ಸಿಟ್ಟು ಮಾಡ್ಕೊಂಡು ಕೂತಿದ್ದೆ. ನನ್ನನ್ನ ನಗೆಪಾಟಲು ಮಾಡ್ತಿದಾರೆ ಅಂತ ಬಯ್ದಿದೀನಿ. ಸತ್ತೋರನ್ನ ಬಯ್ದಿದೀನಿ.”

ಆಮೇಲೆ ಎಲ್ಲವನ್ನೂ ಹೇಳಿದೆ. ತಪ್ಪು ಯಾವ ಹಾಳೆಗೆ ಬಿತ್ತು ಎಂಬುದನ್ನೂ, ಆ ಬೆಳಗ್ಗೆ ಕೈ ಏಳದ್ದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವರು ಎದ್ದು, ಹಿಂದಿನ ಕಪಾಟಿನ ಅರೆಯಿಂದ ಒಂದು ಹಳೆಯ ಹಾಳೆ ತಂದು ನನ್ನ ಮುಂದೆ ಇಟ್ಟರು.

“ನೋಡಿ. ಈಗ ನೋಡಬಹುದು.”

ಅದು ಅವಳ ಹಾಳೆ. ಇಡೀ ಜೀವಮಾನದಲ್ಲಿ ನಾನು ಮೊದಲ ಸಲ ಕಂಡದ್ದು. ಕೆಂಪು ಗೀಟುಗಳು ಬಹಳ ಕಡಮೆ. ನಿಂತ ಕಡೆ ನೆಟ್ಟಗೆ, ತೆಳ್ಳಗೆ ನಿಂತಿದ್ದವು. ಗೀಟಿಲ್ಲದ ಕಡೆಗಳಲ್ಲೆಲ್ಲ ಕಾಗದ ಸವೆದು ಮಬ್ಬಾಗಿತ್ತು. ಸೀಸದ ಕಡ್ಡಿಯಿಂದ ಬರೆದು ಅಳಿಸಿದ ಗುರುತು. ಮತ್ತೆ ಬರೆದು ಮತ್ತೆ ಅಳಿಸಿದ್ದು.

“ಮೊದಲು ಎಲ್ಲಾ ಕಡೆ ಕತ್ತರಿಸಿ ನೋಡೋರು. ಆಮೇಲೆ ಒಂದೊಂದೇ ಅಳಿಸ್ತಾ ಬರೋರು. ಕತ್ತರಿಸದೆ ನಡೆಯುತ್ತೆ ಅಂದ್ರೆ ಕೂಡಿಸೇ ಬಿಡೋರು,” ಎಂದರು ಜೈತುನಬಿ. “ಎಲ್ಲರೂ ಕೂಡಿಸೋ ಕಡೆ ಒಂದು ಸಲ ಒಂಟಿಯಾಗಿ ಕತ್ತರಿಸಿದ್ರು. ಕುದುರೆ, ಮೇಲೆ ಅನ್ನೋ ಎರಡು ಅಕ್ಷರ. ಕೂಡಿದ್ರೆ ‘ತಕ್ಷಣ’ ಅಂತ. ನೀವು ಕೂಡಿಸಿದ್ರಿ. ನಾನೂ ಕೂಡಿಸ್ತಿದ್ದೆ. ಇವರೇನಪ್ಪಾ ಅಂತ ಮುಂದಿನ ಸಾಲು ಓದಿದ್ರೆ, ಆ ಮನುಷ್ಯ ನಿಜವಾಗ್ಲೂ ಕುದುರೆ ಮೇಲೆ ಕೂತಿದಾನೆ! ಒಬ್ಳೇ ಕೂತು ನಕ್ಕಿದ್ದೆ ಅವತ್ತು. ಯಾವಾಗ್ಲೂ ಸರಿ ಅಂತ ಅಲ್ಲ. ಹಕ್ಕಿಗಳ ಹೆಸರು ಬಂದ್ರೆ ಅವರಿಗೆ ಏನೂ ತಿಳೀತಿರಲಿಲ್ಲ. ಆದ್ರೆ ತಪ್ಪು ಮಾಡಿದ್ರೂ ಅದು ಅವರದೇ ತಪ್ಪು ಅಂತ ಗೊತ್ತಾಗ್ತಿತ್ತು. ಮುಖ ನೋಡಿಲ್ಲ ನಾನು. ನೋಡಿದ್ರೆ ಗುರುತು ಹಿಡೀತಿದ್ದೆ ಅನ್ಸುತ್ತೆ.”

ಗೋಡೆಯ ಆಚೆ ಸರಸರ ಎಂದು ಕೇಳುತ್ತಿದ್ದ ಸದ್ದು ನನ್ನ ಕಿವಿಯಲ್ಲಿ ಮತ್ತೆ ಕೇಳಿತು. ಅದರಲ್ಲಿ ಅರ್ಧ ಬರೆಯುವ ಸದ್ದು, ಅರ್ಧ ಅಳಿಸುವ ಸದ್ದು.

ಅವರು ನನ್ನ ಕಡೆ ತಿರುಗಿ, ಗದರದೆ, ನಿಜವಾಗಿಯೂ ತಿಳಿಯಬೇಕು ಎನ್ನುವಂತೆ ಕೇಳಿದರು: “ಆರಾಧ್ಯರೆ, ನೀವು ಅವರನ್ನ ಇಷ್ಟೇ ಅಂದ್ಕೊಂಡಿದ್ರಾ?”

ಶಿವಪೂಜೆ ಮಾಡುವ ಬಾಯಿ ನನ್ನದು. ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ತಲೆ ತಗ್ಗಿಸಿ ಕೂತಿದ್ದೆ. ಅವರಿಗೆ ಉತ್ತರ ಸಿಕ್ಕಿತು ಎಂದು ಕಾಣುತ್ತದೆ. ಹಾಳೆಯನ್ನು ಎರಡು ಕೈಯಿಂದ ಎತ್ತಿಕೊಂಡು ಹೋಗಿ ಅರೆಯಲ್ಲಿಟ್ಟರು.

“ಕಾರ್ತೀಕದಿಂದ ಈಚೆಗಿನದು ಎರಡು ಕಡೆಯದೂ ಕೀಳಬೇಕು. ಅದಕ್ಕೂ ಹಿಂದಿನದರಲ್ಲಿ ಅವರದು ಇರುತ್ತೆ. ನಿಮ್ಮದು ಇರೋ ಹಾಗಿಲ್ಲ.”

“ಗೊತ್ತು. ಆದರೆ ನನ್ನದು ಕಿತ್ತರೆ ಅವಳದು ಒಂಟಿಯಾಗುತ್ತದಲ್ಲ? ಒಂಟಿ ಹಾಳೆಯನ್ನು ಯಂತ್ರಕ್ಕೆ ಕೊಡುವುದಿಲ್ಲ ಎನ್ನುತ್ತಾರೆ.”

“ಕೊಡೋ ಹಾಗಿಲ್ಲ. ಗೀಟು ಬಿಟ್ಟು ಬರೀ ಅಕ್ಷರ ನಕಲು ಮಾಡಿಸ್ಕೊಂಡು, ಎಡಗಡೆಯದನ್ನ ನಾನು ಹೊಸದಾಗಿ ಹಾಕ್ತೀನಿ,” ಎಂದರು. “ಅವರ ಹಾಳೆಗಳು ಈ ಅರೆಯಲ್ಲೇ ಇರಲಿ, ಬೀಗ ಹಾಕಿಸ್ತೀನಿ. ಎಷ್ಟೋ ಹಾಳೆ ನನಗೆ ಮರೆತೇ ಹೋಗಿದೆ, ಒಳ್ಳೇದೇ ಆಯ್ತು. ನಮ್ಮಿಬ್ಬರ ತೀರ್ಪಿಗೆ ಬೇರೆ ಯಾರಾದ್ರೂ ಬರ್ಲಿ. ಅವರ ಎದುರಿಗೆ ಕೂತು ಗೀಟು ಹಾಕಬೇಕು ಅಂತ ನನಗೂ ಬಹಳ ದಿನದಿಂದ ಆಸೆ ಇತ್ತು.”

ನನ್ನ ಹಾಳೆಗಳನ್ನು ಕತ್ತೆಗಳ ಮೇಲೆ ಹೇರಿ ಅಂದೇ ಕೊಟ್ಟರು. ಒಬ್ಬ ಮನುಷ್ಯನ ಆಯುಷ್ಯ ಇಷ್ಟು ಹಗುರವೇ ಎನ್ನಿಸಿತು. ಕತ್ತೆಗಳು ಇಳಿಜಾರಿನಲ್ಲಿ ಓಡಿಕೊಂಡೇ ಬಂದವು. ನಡುಹಗಲು. ಬೀದಿಯವರೆಲ್ಲ ಜಗಲಿಯ ಮೇಲಿದ್ದರು. ನನ್ನನ್ನು ಕಂಡು ಯಾರೂ ನಗಲಿಲ್ಲ. ಒಬ್ಬರು ಒಣಗಿದ ಬಟ್ಟೆಯನ್ನು ಮತ್ತೆ ಕೊಡವಿದರು. ಒಬ್ಬರು ಮಗುವಿನ ಮೂಗು ಒರೆಸಿದರು. ಒಬ್ಬ ಮುದುಕಿ ಎದ್ದು ಒಳಗೆ ಹೋದಳು. ನಕ್ಕಿದ್ದರೆ ತಡೆದುಕೊಳ್ಳಬಹುದಾಗಿತ್ತು.

ಅಡಿವೆಮ್ಮ ಕಟ್ಟುಗಳನ್ನು ಹಿತ್ತಲಲ್ಲಿ ಇಳಿಸಿಕೊಟ್ಟಳು. “ಈ ಚಳಿಗಾಲಕ್ಕೆ ನೀರೊಲೆಗೆ ಸೌದೆ ಕೊಳ್ಳೋ ಹಂಗಿಲ್ಲ ಬಿಡಿ,” ಎಂದಳು. ನನ್ನ ಮುಖ ನೋಡಿ ದನಿ ತಗ್ಗಿಸಿ, “ನಾಳೆ ಬೆಳಗ್ಗೆ ಗಾರೆಯವ್ನು ಬತ್ತಾನಂತೆ. ಒಬ್ರೇ ಇರಬ್ಯಾಡಿ, ನಾನೂ ಬತ್ತೀನಿ,” ಎಂದಳು.

ಬೆಳಗ್ಗೆ ಬೇಗ ಪೂಜೆ ಮುಗಿಸಿದೆ. ಗೋಡೆ ಇನ್ನು ಗಳಿಗೆಯ ಮಾತು. ಕಟ್ಟಳೆಯೆಲ್ಲ ಮುಗಿದವನಿಗೆ ಇನ್ನೆಂಥ ಕಟ್ಟಳೆ ಎಂದು ಗೋಡೆಯನ್ನು ಬಳಸಿ ಹೋಗಿ ಬಲಗಡೆ ಕೂತೆ. ಅವಳ ಚಾಪೆ, ಅವಳ ಇಳಿಮೇಜು. ಮೇಜಿನ ತುದಿಯಲ್ಲಿ ಅವಳ ಅಂಗೈ ಊರಿ ಊರಿ ಮರ ನುಣುಪಾಗಿತ್ತು. ಅಲ್ಲಿ ನನ್ನ ಕೈ ಇಟ್ಟೆ. ಅವಳು ದಿನಾ ಮಾಡುತ್ತಿದ್ದ ಹಾಗೆ ಗುರುಗಳಿಗೆ ನಮಸ್ಕಾರ ಮಾಡೋಣವೆಂದು ತಲೆ ಎತ್ತಿದೆ.

ಪಟದಲ್ಲಿ ಗುರುಗಳು ಕಾಣಲಿಲ್ಲ. ಬಾಗಿಲಿನ ಬೆಳಕು ಬಿದ್ದು ಗಾಜು ಕನ್ನಡಿಯಾಗಿತ್ತು. ಅದರೊಳಗೆ ಮೋಟುಗೋಡೆಯ ಆಚೆಯ ನನ್ನ ಜಾಗ ಪೂರ್ತಿ ಕಾಣುತ್ತಿತ್ತು. ನನ್ನ ಇಳಿಮೇಜು, ಮೇಜಿನ ಮೇಲೆ ನಿನ್ನೆ ಬಿಟ್ಟೆದ್ದ ಹಾಳೆ, ಅದರ ಮೇಲಿನ ಕದಡಿದ ಒಂದು ಅಕ್ಷರ, ಎಲ್ಲವೂ ಸ್ಪಷ್ಟವಾಗಿ. ಮದುವೆಯಾಗಿ ಬಂದ ದಿನದಿಂದ ಅವಳು ತಲೆ ಒಂದು ಸಲ ಎತ್ತಿದ್ದರೆ ಸಾಕಾಗಿತ್ತು.

ಎದ್ದು ಪೆಟ್ಟಿಗೆ ತೆರೆದು ಆ ಹಸಿರು ಸೀರೆಯ ತುಂಡನ್ನು ತಂದೆ. ಮೊಳೆಗೆ ಸಿಕ್ಕಿಸಿ ಪಟದ ಮೇಲೆ ಇಳಿಬಿಟ್ಟೆ. ಗಾಜು ಮುಚ್ಚಿತು. ನನ್ನ ಜಾಗ ಮರೆಯಾಯಿತು. ಅಷ್ಟರಲ್ಲಿ ಗಾರೆಯವನು ಸಲಿಕೆ ಹಾರೆ ಹಿಡಿದು ಒಳಗೆ ಬಂದ, ಹಿಂದೆ ಅಡಿವೆಮ್ಮ.

“ಸ್ವಾಮಿ, ದೂಳು ಬೀಳ್ತದೆ. ಪಟ ತೆಗೆದು ಒಳಗಿಡ್ಲಾ?” ಎಂದು ಅವನು ಆ ಬಟ್ಟೆಗೆ ಕೈ ಹಾಕಲು ಹೋದ.

“ಮುಟ್ಟಬೇಡಪ್ಪ,” ಎಂದೆ. “ಅವಳು ಕೆಲಸದಲ್ಲಿದ್ದಾಳೆ.”

ಅವನು ಅಡಿವೆಮ್ಮನ ಮುಖ ನೋಡಿದ. ಅವಳು ಬಾಗಿಲ ಪಕ್ಕದಲ್ಲಿ ಬುಟ್ಟಿ ಇಳಿಸಿ, ಕುಕ್ಕರುಗಾಲಲ್ಲಿ ಕೂತು, “ಸ್ವಲ್ಪ ತಡ್ಕೋ ಅಣ್ಣಾ,” ಎಂದಳು.